ಹಿಂದೆ ಬೀಸಿ ಕಾಯುವುದು

ಕಾಸರಗೋಡಿನ ಆಸ್ಪತ್ರೆಯಲ್ಲಿ ಇಂದು ನರ್ಸಿನ ಸ್ವೆಟರಿನಿಂದ ಜೋತಿದ್ದ ಕೆಂಪು ಉಣ್ಣೆಯ ಎಳೆಯೊಂದು ನನ್ನನ್ನು ಶಿರಿಯ ಹೊಳೆಗೆ ಒಯ್ದಿತು.

ನಾನು ಚಿಕ್ಕವಳಿದ್ದಾಗ ಫೆಲಿಕ್ಸ್ ಮಾಮ ಗಲ್ಫಿನಿಂದ, ದಾರವನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗ್ ಕೋಲು ತಂದಿದ್ದರು. ದಾರಕ್ಕೆ ಗಾಳದ ಬದಲು ಅಂಥದೇ ಎಳೆ ಕಟ್ಟಿ, ಅಂಗಳದಲ್ಲಿ ನನಗೆ ಬೀಸಲು ಕಲಿಸಿದರು. “ಬೀಸಿದ ದಾರ ಹಿಂದೆ ನೆಟ್ಟಗಾಗುವವರೆಗೆ ಕಾಯಬೇಕು ಮಾರಾಯ್ತಿ. ನಿನಗೆ ಅರ್ಜೆಂಟ್ ಎಂತ ಉಂಟು?”

ಹೊಳೆಯಲ್ಲಿ ಹುಳದಂತೆ ಕಾಣುವ ಗರಿಯ ಗಾಳ ಕಟ್ಟಿಕೊಟ್ಟ ಮೊದಲ ದಿನವೇ ಎದುರಿಗೊಂದು ಮೀನು ಹಾರಿತು. ನಾನು ಕಾಯಲಿಲ್ಲ, ದಾರ ಹಿಂದೆ ನೆಟ್ಟಗಾಗುವ ಮೊದಲೇ ಮುಂದಕ್ಕೆ ಬೀಸಿದೆ. ಗಾಳ ಹಿಂದೆ ನಿಂತಿದ್ದ ಮಾಮನ ಕಿವಿಗೆ ಚುಚ್ಚಿಕೊಂಡಿತು.

“ಎಳೆಯಬೇಡ. ಸುಮ್ಮನೆ ನಿಲ್ಲು,” ಎಂದರು. ಅವರ ಬಿಳಿ ಬನಿಯನ್ನಿಗೆ ರಕ್ತ ಇಳಿಯುವುದನ್ನು ನೋಡುತ್ತ ಕೋಲು ಹಿಡಿದು ನಿಂತೆ.

ಈಗ ಸ್ಟ್ರೋಕ್ ಆಗಿ ಅವರ ಬಲಗೈ ಏಳುವುದಿಲ್ಲ, ಮಾತೂ ಇಲ್ಲ. ಕಾಯಬೇಕು ಎನ್ನುತ್ತಾರೆ ಡಾಕ್ಟರ್. ಕಿವಿಯ ಆ ಕಲೆ ನೋಡುತ್ತ ನಿಂತಿದ್ದೇನೆ. ಹಿಡಿದುಕೊಳ್ಳಲು ಕೋಲೂ ಇಲ್ಲ.