ದುಂಬಿಯ ಎಡ ದವಡೆ

ನಮ್ಮ ಚಿಕ್ಕಮ್ಮ ಮೂವತ್ತೊಂದು ವರ್ಷ ಸತ್ತ ಹುಳಗಳ ಚಿತ್ರ ಬಿಡಿಸಿದಳು. ಮ್ಯೂಸಿಯಂನ ಕೀಟ ವಿಭಾಗದಲ್ಲಿ ಅವಳದು ಚಿತ್ರಗಾರ್ತಿಯ ಕೆಲಸ. ನೆಂಟರು ಕೇಳಿದರೆ ಅಮ್ಮ "ನನ್ನ ತಂಗಿಗೆ ಆಫೀಸ್ ಕೆಲಸ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ನಾವು ಮಕ್ಕಳು ಅವಳಿಗೆ ಹುಳದ ಚಿಕ್ಕಿ ಎಂದು ಹೆಸರಿಟ್ಟಿದ್ದೆವು. ಹಾಗೆ ಕರೆದರೂ ಓಗೊಡುತ್ತಿದ್ದಳು, ಕೋಪವೆಂಬುದೇ ಇಲ್ಲ. ಆ ಕೋಪವೆಲ್ಲ ನನ್ನ ಪಾಲಿಗೆ ಬಂದಿದೆ.

ಅವಳ ಕೋಣೆ ನನಗೆ ಚೆನ್ನಾಗಿ ನೆನಪಿದೆ. ನುಸಿಗುಳಿಗೆಯ ವಾಸನೆ, ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೇಜಿನ ಈ ತುದಿಯಲ್ಲಿ ಅವಳ ಮಸಿ ಮತ್ತು ನಿಬ್ಬುಗಳು, ಆ ತುದಿಯಲ್ಲಿ ವಿಜ್ಞಾನಿ. ಅವರನ್ನು ಅವಳು 'ಸಾರ್' ಎನ್ನುತ್ತಿದ್ದಳು. ಮೈಕ್ರೋಸ್ಕೋಪು ಇಬ್ಬರ ನಡುವೆ.

"ಹಿಂಗಾಲಲ್ಲಿ ನಾಲ್ಕು ಮುಳ್ಳಿದೆಯಮ್ಮ, ಮೂರೇ ಬಿಡಿಸಿದ್ದೀರಿ."

"ಮೂರೇ ಸಾರ್. ನಾಲ್ಕನೇದು ಧೂಳು."

ಅವರು ಕುಂಚದ ತುದಿಯಿಂದ ಸವರಿ ನೋಡುವರು. ಮೂರೇ ಇರುತ್ತಿದ್ದವು. ಸೋತದ್ದಕ್ಕೆ ಅವತ್ತಿನ ಟೀ ಖರ್ಚು ಅವರದು. ಹೀಗೆ ಜಗಳವಾಡುತ್ತಲೇ ಅವರು ನಾನೂರಕ್ಕೂ ಹೆಚ್ಚು ಹುಳಗಳನ್ನು ಪುಸ್ತಕಕ್ಕೆ ಏರಿಸಿದರು. ಇಬ್ಬರಲ್ಲಿ ಯಾರ ಕಣ್ಣು ಸೂಕ್ಷ್ಮ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಕೊನೆಗೆ ಅವರನ್ನು ಮುಳುಗಿಸಿದ್ದೂ ಅದೇ ನಂಬಿಕೆ.

ಅವರ ಕಸುಬಿನಲ್ಲಿ ಒಂದು ರೂಢಿಯಿತ್ತು. ಹುಳವನ್ನು ಪೂರ್ತಿ ನೋಡಿ ಬಿಡಿಸುತ್ತಿರಲಿಲ್ಲ. ಬಲ ಅರ್ಧವನ್ನು ಮಾತ್ರ ಅಳೆದು ಟ್ರೇಸಿಂಗ್ ಪೇಪರಿನ ಮೇಲೆ ಬಿಡಿಸಿ, ಅದನ್ನೇ ಮಗುಚಿ ಎಡ ಅರ್ಧ ಮೂಡಿಸುವುದು. ಸತ್ತ ಹುಳದ ಕಾಲೋ ಮೀಸೆಯೋ ಒಂದು ಕಡೆ ಮುರಿದಿರುವುದೇ ಹೆಚ್ಚು, ಸಮಯವೂ ಉಳಿಯುತ್ತಿತ್ತು. "ದೇವರೂ ಹೀಗೇ ಮಡಚಿ ಒತ್ತಿರೋದು" ಎಂದು ಸಾರ್ ನಗುತ್ತಿದ್ದರು.

ಹಾಗೆ ಬಿಡಿಸಿದ್ದರಲ್ಲಿ ಒಂದು, ಬೆಟ್ಟದ ಮೇಲಿನ ಕೊಳೆತ ಮರದಲ್ಲಿ ಸಿಕ್ಕ ಕಪ್ಪು ದುಂಬಿ. ಅಕ್ಕಿಕಾಳಿನಷ್ಟು ಉದ್ದ. ಸಿಕ್ಕಿದ್ದು ಒಂದೇ ಒಂದು. ಜಗತ್ತಿನಲ್ಲಿ ಯಾರೂ ಅದನ್ನು ಅದಕ್ಕೂ ಮೊದಲು ಕಂಡಿರಲಿಲ್ಲ. ಸಾರ್ ವರ್ಣನೆ ಬರೆದರು, ಇವಳು ಚಿತ್ರ ಕೊಟ್ಟಳು. ಚಿತ್ರದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಅವಳ ಹೆಸರು ಅಚ್ಚಾಯಿತು. ತನ್ನ ಕೆಲಸದಲ್ಲಿ ಅವಳು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದು ಅದೊಂದನ್ನೇ.

ಸಾರ್ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಚಿಕ್ಕಮ್ಮನದೂ ಕೊನೆಯ ವರ್ಷ. ಆಗ ಅವರ ಜಾಗಕ್ಕೆ ಬಂದಿದ್ದ ಹೊಸ ವಿಜ್ಞಾನಿ, ಚುರುಕು ಹುಡುಗಿ, ಹಳೆಯ ಪುಸ್ತಕ ಹಿಡಿದು ಬಂದಳು.

"ಮೇಡಂ, ಈ ದುಂಬಿಯ ಹತ್ತಿರದ ಜಾತಿ ಒಂದು ಈಗ ಬೇರೆ ಕಡೆ ಸಿಕ್ಕಿದೆ. ಅದರ ಎಡ ದವಡೆಯಲ್ಲಿ ಒಂದು ಹಲ್ಲು ಜಾಸ್ತಿ. ನಿಮ್ಮ ಚಿತ್ರದಲ್ಲಿ ಎರಡೂ ಕಡೆ ಎರಡೆರಡೇ ಇದೆ. ಒಂದ್ಸಲ ಹುಳಾನೇ ನೋಡಿಬಿಡೋಣ್ವಾ?"

"ಕೂಡಲೇ ಎದ್ದು ಪೆಟ್ಟಿಗೆ ಹುಡುಕಿದೆ ಕಣೆ" ಎಂದಳು ಚಿಕ್ಕಮ್ಮ, ಆಮೇಲೆ ನನಗೆ ಹೇಳುವಾಗ. ಪೆಟ್ಟಿಗೆ ತೆಗೆದರೆ ಗುಂಡುಸೂಜಿ ಇತ್ತು, ಚೀಟಿ ಇತ್ತು, ಸೂಜಿಯ ಬುಡದಲ್ಲಿ ಚಿಟಿಕೆಯಷ್ಟು ಕಂದು ಪುಡಿ. ಹುಳಕ್ಕೇ ಹುಳ ಬಿದ್ದಿತ್ತು. ನುಸಿಗುಳಿಗೆ ಹಾಕಬೇಕಾದವರು ಯಾವ ಕಾಲದಲ್ಲೋ ಮರೆತಿದ್ದರು.

ಇನ್ನೊಂದು ಸಿಕ್ಕೀತೆಂದು ನನ್ನ ಸ್ಕೂಟರಿನಲ್ಲಿ ನಾನೂ ಚಿಕ್ಕಮ್ಮನೂ ಬೆಟ್ಟಕ್ಕೆ ಹೋದೆವು. ಬೆಟ್ಟವೇ ಇರಲಿಲ್ಲ. ಕಲ್ಲು ಒಡೆದು ಒಡೆದು ಅಲ್ಲೊಂದು ಹೊಂಡವಾಗಿತ್ತು, ತಳದಲ್ಲಿ ಹಸಿರು ನೀರು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಹೊಂಡದ ಅಂಚಿನಲ್ಲಿ ಕೊಳೆತ ಮರ ಹುಡುಕುತ್ತಿದ್ದಳು.

ಉಳಿದಿದ್ದು ಒಂದೇ ದಾರಿ. ಸಾರ್ ಬರೆದ ವರ್ಣನೆಯಲ್ಲಿ 'ಎರಡೂ ದವಡೆಗಳಲ್ಲಿ ಎರಡೆರಡು ಹಲ್ಲು' ಎಂದು ಸ್ಪಷ್ಟವಾಗಿತ್ತು. ಅವರು ಕಣ್ಣಾರೆ ಕಂಡಿದ್ದರೆ ಮುಗಿಯಿತು. ಅವರ ಮನೆಗೆ ಹೋದೆವು. ಮುದುಕರಾಗಿದ್ದರು, ನೆನಪು ಮಾತ್ರ ಗಟ್ಟಿಯಾಗಿತ್ತು.

"ಸಾರ್, ಎಡಗಡೆ ದವಡೆ ನೀವು ನೋಡಿದ್ರಿ ಅಲ್ವಾ?"

ಅವರು ನಾವು ಒಯ್ದಿದ್ದ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು. "ನಿಮ್ಮ ಚಿತ್ರ ಮುಂದಿಟ್ಕೊಂಡೇ ಬರೆದೆನಮ್ಮ. ಮತ್ತೆ ಹುಳ ನೋಡೋಕೆ ಹೋಗಲಿಲ್ಲ. ನೀವು ಬಿಡಿಸಿದ್ಮೇಲೆ ಇನ್ನೇನು ನೋಡೋದು?"

"ನಾನು ಬಲಗಡೆ ಅಷ್ಟೇ ನೋಡಿದ್ದು ಸಾರ್. ತಪ್ಪಿದ್ರೆ ನೀವು ಹೇಳ್ತೀರಲ್ಲ ಅಂದ್ಕೊಂಡಿದ್ದೆ."

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಎಡ ದವಡೆಯನ್ನು ಇವರಿಬ್ಬರೂ ಕಂಡೇ ಇರಲಿಲ್ಲ. ಚಿತ್ರಕ್ಕೆ ಬರಹ ಸಾಕ್ಷಿ, ಬರಹಕ್ಕೆ ಚಿತ್ರ ಸಾಕ್ಷಿ. ನನಗೆ ಯಾರ ಮೇಲಾದರೂ ಹರಿಹಾಯಬೇಕಿತ್ತು, ಅಲ್ಲಿ ಯಾರೂ ಸಿಗಲಿಲ್ಲ. ಸಾರ್ ಅಳುತ್ತಿದ್ದರು. ಚಿಕ್ಕಮ್ಮ ಅವರ ಕನ್ನಡಕ ತೆಗೆದು ತನ್ನ ಸೆರಗಿನಿಂದ ಒರೆಸಿಕೊಟ್ಟಳು.

ಉಳಿದ ಹುಳಗಳನ್ನು ಮತ್ತೆ ನೋಡಬಹುದು, ತಿದ್ದಬಹುದು. ಇದೊಂದನ್ನು ಆಗದು. "ಒಂದು ಜೀವ ಭೂಮಿ ಮೇಲಿಂದಾನೇ ಹೋಯ್ತು. ಅದನ್ನ ಅಳೆದು ನೋಡೋ ಭಾಗ್ಯ ಇದ್ದೋಳು ನಾನೊಬ್ಬಳು, ನಾನೂ ಅರ್ಧ ನೋಡಿ ಎದ್ದುಬಂದೆ" ಎಂದಳು.

ನಿವೃತ್ತಿಗೆ ಮೊದಲು ಅದೇ ದುಂಬಿಯನ್ನು ಹೊಸದಾಗಿ ಬಿಡಿಸಿದಳು. ಹಳೆಯ ಅಳತೆಗಳನ್ನು ನೋಡಿ ಬಲ ಅರ್ಧ ಮಸಿಯಲ್ಲಿ, ಎಡ ಅರ್ಧ ಬರೀ ಚುಕ್ಕಿಗೆರೆ. ಕಾಣದ ಭಾಗವನ್ನು ಚುಕ್ಕಿಯಲ್ಲಿ ತೋರಿಸುವುದು ಅವರಲ್ಲಿ ಪದ್ಧತಿ. ಎರಡು ತಿಂಗಳು ಹಿಡಿಯಿತು. ಮ್ಯೂಸಿಯಂ ಹೊರತರಲಿದ್ದ ದೊಡ್ಡ ಪುಸ್ತಕಕ್ಕೆ ಅದನ್ನೇ ಹಾಕಿ ಎಂದು ಹೊಸ ವಿಜ್ಞಾನಿಯ ಕೈಗೆ ಕೊಟ್ಟುಬಂದಳು.

ಪುಸ್ತಕ ಬಂತು. ಹುಡುಗಿಯೇ ಮನೆಗೆ ತಂದುಕೊಟ್ಟಳು, ಮುಖ ಎತ್ತಲಿಲ್ಲ. "ಎಷ್ಟೋ ಹೇಳ್ದೆ ಮೇಡಂ. ಚುಕ್ಕಿ ಚಿತ್ರ ಅರ್ಧಂಬರ್ಧ ಕಾಣುತ್ತೆ, ಹಳೇದೇ ಲಕ್ಷಣವಾಗಿದೆ ಅಂದ್ರು ಮೇಲಿನವರು."

ಮುಖಪುಟದ ಮೇಲೆ ಅಂಗೈಯಗಲ ಆ ಹಳೆಯ ದುಂಬಿ, ಎರಡೂ ಕಡೆ ಎರಡೆರಡು ಹಲ್ಲು. ಕೆಳಗೆ ಈ ಸಲ ದೊಡ್ಡ ಅಕ್ಷರದಲ್ಲಿ ಚಿಕ್ಕಮ್ಮನ ಹೆಸರು. ಅಮ್ಮನಿಗೆ ಹಿಗ್ಗೋ ಹಿಗ್ಗು. "ನೋಡೇ, ನಿನ್ನ ಹೆಸರು ಎಷ್ಟು ಚೆನ್ನಾಗಿ ಹಾಕಿದಾರೆ!" ಎಂದು ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟಳು.

ಚಿಕ್ಕಮ್ಮ ಎಡ ಅರ್ಧವನ್ನು ಅಂಗೈಯಿಂದ ಮುಚ್ಚಿದಳು.

"ಇಷ್ಟು ನಾನು ನೋಡಿದೀನಿ ಅಕ್ಕ" ಎಂದಳು.