ಗೋಡೆಯ ಮೇಲೆ ತಲೆಕೆಳಗಾಗಿ ನಡೆದ ಊರು

೧೯೩೮ರ ಬೇಸಿಗೆ. ಅಂಕಲಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಒಂದೇ ಕೋಣೆಯ ಶಾಲೆ, ಅದಕ್ಕೆ ನಾನೊಬ್ಬನೇ ಮಾಸ್ತರ. ಹುಟ್ಟಾ ಪುಕ್ಕಲ. ಮಕ್ಕಳು ಗದ್ದಲ ಮಾಡದೆ ಕೂತರೂ ಏನಾಯಿತೋ ಎಂದು ಹೆದರುವವನು.

ಒಂದು ಮಧ್ಯಾಹ್ನ ಬಿಸಿಗಾಳಿಗೆ ಬಾಗಿಲು, ಕಿಟಕಿ ಮುಚ್ಚಿಸಿ ಮಗ್ಗಿ ಹೇಳಿಸುತ್ತಿದ್ದೆ. ಮಗ್ಗಿ ನಡುವೆಯೇ ನಿಂತಿತು. ಎದುರಿನ ಸುಣ್ಣದ ಗೋಡೆಯ ಮೇಲೆ ಮಸುಕು ಮಸುಕಾಗಿ ಮನುಷ್ಯರು ತಲೆಕೆಳಗಾಗಿ ನಡೆದು ಹೋಗುತ್ತಿದ್ದರು! "ಭಾನಾಮತಿ!" ಎಂದು ಯಾರೋ ಕಿರುಚಿದರು. ಮಕ್ಕಳನ್ನು ಮುಂದೆ ಕಳಿಸಿ ನಾನು ಹಿಂದೆ ಬಂದೆ ಎಂದು ಬರೆಯಲು ಆಸೆಯಿದೆ. ಆದರೆ ಬಾಗಿಲು ತೆಗೆದು ಮೊದಲು ಓಡಿದವನೇ ನಾನು.

ಮರುದಿನ ಒಂದು ಮಗುವೂ ಬರಲಿಲ್ಲ. ಊರ ಗೌಡರು ಬಂದರು.

"ಮಾಸ್ತರ, ಮಾಟದ ಮನಿಗೆ ಹುಡುಗೂರನ್ನ ಯಾರ ಕಳಸ್ತಾರ್ರಿ? ಸಾಲಿ ಮುಚ್ಚಿಬಿಡೂಣು."

ಒಮ್ಮೆ ಮುಚ್ಚಿದ ಶಾಲೆ ಮತ್ತೆ ತೆರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. "ಸಂಜಿತನಕ ತಡೀರಿ" ಎಂದೆ.

ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಾಯಲ್ಲಿ ಬಸವಣ್ಣನ ಹೆಸರು, ಕೈಯಲ್ಲಿ ಬೆತ್ತ. ಗೋಡೆಯ ಮೇಲೆ ಕುರಿಗಳು ಬಂದವು, ಕಾಲು ಮೇಲಾಗಿ. ಅದೇ ಹೊತ್ತಿಗೆ ಹೊರಗೆ ಕುರಿ ಅರಚಿತು. ತಿರುಗಿ ನೋಡಿದರೆ ಬಾಗಿಲ ಹಲಗೆಯಲ್ಲಿ ಕಡಲೆಕಾಳಿನಷ್ಟು ತೂತು! ಹೆಬ್ಬೆರಳಿನಿಂದ ಮುಚ್ಚಿದೆ, ಕುರಿ ಮಾಯ. ತೆಗೆದೆ, ಕುರಿ ಹಾಜರು. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನಿಗೆ ಅದರ ಅರ್ಥ ತಿಳಿದದ್ದು ಆಗಲೇ.

ಗೌಡರನ್ನು ಕರೆತಂದು ಕತ್ತಲಲ್ಲಿ ಕೂರಿಸಿದೆ. ಅಷ್ಟರಲ್ಲಿ ನೀರು ಹೊತ್ತ ಹೆಂಗಸೊಬ್ಬಳು ಗೋಡೆಯ ಮೇಲೆ ನಡೆದಳು.

"ಅಯ್ಯ, ನಮ್ಮ ಮನಿಯಾಕಿ! ಕೊಡ ಬೋರಲಾಗೇತಿ, ಒಂದ್ ಹನಿ ನೀರ ಚೆಲ್ಲವಲ್ದಲ್ರಿ!"

"ತಲಿಯಿಂದ ಬಂದ ಬೆಳಕು ತೂತಿನ್ಯಾಗ ಹಾದು ತೆಳಗ ಬೀಳತೈತ್ರಿ, ಕಾಲಿಂದ ಬಂದದ್ದು ಮ್ಯಾಲ. ಅಷ್ಟ."

ಗೌಡರು ನಂಬಲಿಲ್ಲ. ಹೆಂಡತಿಯನ್ನು ಒಳಗೆ ಕೂರಿಸಿ, ತಾವೇ ಹೊರಗೆ ಬಿಸಿಲಲ್ಲಿ ಕೈಯೆತ್ತಿ ನಿಂತರು. ಗೌಡತಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ತಲಿ ಮ್ಯಾಲಿನ ಈ ರುಂಬಾಲು ಒಂದಿನಾ ತೆಳಗ ಆದೀತಂತ ಅನಕೊಂಡಿದ್ದಿಲ್ಲ ನೋಡ್ರಿ ಮಾಸ್ತರ!"

ಮರುದಿನ ಮಕ್ಕಳ ಜೊತೆ ತಾಯಂದಿರೂ ಬಂದು ಕೂತರು. ಗೌಡರು ಹೊರಗೆ ದಾರಿಹೋಕರನ್ನು ಹಿಡಿದು ಹಿಡಿದು, "ಹಿಂಗ ಹಾದು ಹೋಗ್ರಿ, ಒಳಗ ಹುಡುಗೂರು ಕಲಿಯಾಕತ್ತಾರ" ಎಂದು ಬಾಗಿಲ ಮುಂದೆ ಓಡಾಡಿಸಿದರು. ಮಳೆಗಾಲಕ್ಕೆ ಮುಂಚೆ ಬಾಗಿಲು ರಿಪೇರಿಗೆ ಬಂದ ಬಡಿಗನನ್ನೂ ಅವರೇ ತಡೆದರು: "ತೂತಿಗೆ ಕೈ ಹಚ್ಚಬ್ಯಾಡೋ, ಅದು ಸಾಲೀದು!"

ನಾನು ಇಂದಿಗೂ ಪುಕ್ಕಲನೇ. ಏನಾದರೂ ಹೆದರಿಸಿದರೆ ಮೊದಲು ಬಾಗಿಲಿಗೇ ಓಡುತ್ತೇನೆ. ಆದರೆ ಈಗ ಓಡುವುದು ತೂತು ಹುಡುಕಲು.