ಟವೆಲ್ ಪಟ್ಟಿಯಲ್ಲಿ ಇಲ್ಲದ ಹೆಸರು

ಬೆಳಗಿನ ಐದೂವರೆ. ಶಹಾಪುರದ ಹೊರವಲಯದ ಈ ಬೇಳೆ ಮಿಲ್ಲಿನ ಅಂಗಳದಲ್ಲಿ ಇನ್ನೂ ಮುಖದ ಗುರುತು ಹತ್ತುವಷ್ಟು ಬೆಳಕಿಲ್ಲ. ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ಕಾಲಿಗೆ ರಬ್ಬರ್ ಬೂಟು ಏರಿಸಿದ ಕರೆಮ್ಮ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಕ್ಕೆ ಎಳೆಯುತ್ತಾರೆ. ಇದ್ದೊಂದು ದೀಪವೂ ಆರುತ್ತದೆ. ಬ್ಯಾಟರಿ ಬೆಳಕಿನಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದು ಮೂರು ಪಿಂಗಾಣಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚುತ್ತಾರೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಅಯ್ಯಪ್ಪ ಅವನ್ನು ಹಳದಿ ಟವೆಲ್ಲಿನಲ್ಲಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

ಕೊನೆಯ ಆಳಿನ ಕಾಲು ನೆಲ ಮುಟ್ಟುವವರೆಗೆ ಆ ಗಂಟು ಬಿಚ್ಚುವಂತಿಲ್ಲ. ಮಿಲ್ಲಿನ ಮಾಲೀಕರು ಕೇಳಿದರೂ ಇಲ್ಲ, ಕರೆಮ್ಮನೇ ಕೇಳಿದರೂ ಇಲ್ಲ. ಇದು ಕರೆಮ್ಮನೇ ಹಾಕಿದ ಕಟ್ಟಳೆ.

‘ಸ್ವಿಚ್ ಬಂದ್ ಮಾಡಿದ್ರ ಸಾಕಾಗಂಗಿಲ್ರಿ ಸರ್. ಯಾರರೆ ಬಂದು ಕರೆಂಟ್ ಯಾಕಿಲ್ಲ ಅಂತ ಟಕ್ಕನ ಎತ್ತಿಬಿಡ್ತಾರ. ಫ್ಯೂಸ್ ನಮ್ಮ ಕೈಯಾಗ ಇದ್ರ ಜೀವಾ ನಮ್ಮ ಕೈಯಾಗ ಇದ್ದಂಗ’ ಎಂದು ನನಗೆ ಹೇಳುತ್ತಲೇ ಅವರು ಇಪ್ಪತ್ತು ಅಡಿಯ ಏಣಿಯನ್ನು ಗೋಡೆಗೆ ಆನಿಸಿ, ಎರಡು ಬಾರಿ ಅಲುಗಾಡಿಸಿ, ಮೊದಲು ತಾವೇ ಹತ್ತುತ್ತಾರೆ. ಮೇಲಿನ ತಂತಿಗೆ ಟೆಸ್ಟರ್ ಮುಟ್ಟಿಸಿ ‘ಬರ್ರೆಪ್ಪಾ’ ಎಂದ ಮೇಲೆಯೇ ಉಳಿದವರು ಹತ್ತಬೇಕು. ಇಪ್ಪತ್ತೊಂದು ವರ್ಷಗಳಿಂದ ಇದೇ ಕ್ರಮ.

ಕರೆಮ್ಮನಿಗೆ ಈಗ ನಲವತ್ಮೂರು. ಊರು ದೋರನಹಳ್ಳಿ. ಐಟಿಐ ತರಗತಿಯಲ್ಲಿ ಇವರೊಬ್ಬರೇ ಹುಡುಗಿ. ಮನೆಯೊಂದಕ್ಕೆ ವೈರಿಂಗ್ ಮಾಡಲು ಮೊದಲ ಬಾರಿ ಹೋದಾಗ ಆ ಮನೆಯ ಯಜಮಾನ ಇವರ ಹಿಂದೆ ಮುಂದೆ ನೋಡಿ, ‘ಗಂಡ ಎಲ್ಲದಾನವಾ?’ ಎಂದರಂತೆ. ‘ಸಾಲ್ಯಾಗ ಗಂಟಿ ಹೊಡ್ಯಾಕತ್ತಾನ್ರಿ’ ಎಂದು ಹೇಳಿ ಇವರು ಗೋಡೆಗೆ ಗುರುತು ಹಾಕತೊಡಗಿದರು. ಸುಳ್ಳೇನಲ್ಲ, ಪತಿ ಯಂಕಣ್ಣ ಊರಿನ ಶಾಲೆಯಲ್ಲಿ ಜವಾನ. ದೋರನಹಳ್ಳಿಯ ಅರ್ಧ ಊರಿನ ಬಲ್ಬುಗಳು ಇಂದು ಕರೆಮ್ಮನ ಕೈಯ ವೈರಿನಲ್ಲೇ ಉರಿಯುತ್ತವೆ. ಆರು ವರ್ಷದ ಹಿಂದೆ ಗುತ್ತಿಗೆದಾರರ ಪರವಾನಗಿಯೂ ಬಂತು. ಈಗ ಒಂಬತ್ತು ಜನ ಇವರ ಜೊತೆ ದುಡಿಯುತ್ತಾರೆ. ವಾರಕ್ಕೆ ಮೂರು ನಾಲ್ಕು ಕಡೆ ಕೆಲಸ, ಶಹಾಪುರ, ಸುರಪುರ, ಯಾದಗಿರಿ ಎಂದು ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡಾಟ. ಇಷ್ಟಾದರೂ ಸಾಮಾನು ಇಡುವ ತಮ್ಮ ಅಂಗಡಿಗೊಂದು ಬೋರ್ಡು ಹಾಕಿಸಿಲ್ಲ. ಕೇಳಿದರೆ, ಹುಡುಕಿಕೊಂಡು ಬರುವವರು ಹೇಗೂ ಬರುತ್ತಾರಲ್ಲ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ, ನಾನು ಬಂದದ್ದು ಏಣಿ ಹತ್ತುವ ಹೆಣ್ಣುಮಗಳ ಬಗ್ಗೆ ಪತ್ರಿಕೆಗೆ ನಾಲ್ಕು ಮೆಚ್ಚುಗೆಯ ಮಾತು ಬರೆದು ಕೈತೊಳೆದುಕೊಳ್ಳಲು. ಆದರೆ ಇಂದು ಇಲ್ಲಿ ನಡೆಯುತ್ತಿರುವುದು ಬೇರೆ. ಹತ್ತು ಗಂಟೆಗೆ ವಿಮೆ ಏಜೆಂಟ್ ಸುಲ್ತಾನಸಾಬ ಬರಲಿದ್ದಾರೆ. ಸೋಮವಾರದಿಂದ ಕಡೇಚೂರಿನ ಕಾರ್ಖಾನೆಯೊಂದರ ಶೆಡ್ಡಿಗೆ ವೈರಿಂಗ್ ಶುರು. ಒಂಬತ್ತು ಜನಕ್ಕೆ ಎರಡು ತಿಂಗಳ ಕೂಲಿ ಖಾತ್ರಿಯಾಗುವ ಕೆಲಸ ಅದು. ವಿಮೆಯ ಕಾಗದ ತೋರಿಸದಿದ್ದರೆ ಗೇಟಿನಿಂದ ಒಳಗೆ ಬಿಡುವುದಿಲ್ಲ. ಯಾವುದೋ ಒಂದು ಕಾಗದ ತೋರಿಸಿದರೆ ಸಾಕು, ಅದರಲ್ಲಿ ಏನು ಬರೆದಿದೆ ಎಂದು ಗೇಟಿನವರು ಓದುವುದಿಲ್ಲ. ವಿಮೆ ಎಂದರೆ ಆಕಳಿಕೆ ಬರುವವರ ಪೈಕಿ ನಾನೂ ಒಬ್ಬ, ನಾನಾಗಿದ್ದರೆ ಅಗ್ಗದ್ದೊಂದು ತೆಗೆದುಕೊಂಡು ಮುಂದಿನ ಕೆಲಸ ನೋಡುತ್ತಿದ್ದೆ. ಕರೆಮ್ಮ ಒಮ್ಮೆ ಹಾಗೆ ಮಾಡಿ ನೋಡಿದ್ದಾರೆ.

ಅದು ಎರಡು ವರ್ಷದ ಹಿಂದಿನ ಕಥೆ. ಆಗಿನ ಏಜೆಂಟ್ ಬೇರೊಬ್ಬರು. ‘ನಿಮ್ಮ ಕೈ ಕೆಳಗೆ ದುಡಿಯುವವರ ಪಟ್ಟಿ ಕೊಡಿ’ ಎಂದು ಕೇಳಿದ್ದರು. ಕರೆಮ್ಮನ ಬಳಿ ಪಟ್ಟಿ ಇತ್ತು, ಅದೂ ಅಚ್ಚುಕಟ್ಟಾಗಿ. ಪ್ರತಿ ವರ್ಷ ದಸರೆಯ ಆಯುಧ ಪೂಜೆಯ ದಿನ ಏಣಿ, ತಂತಿ ಕತ್ತರಿಸುವ ಪಕ್ಕಡ, ಡ್ರಿಲ್ ಮಷಿನ್ನುಗಳಿಗೆ ಕುಂಕುಮ ಹಚ್ಚಿದ ಮೇಲೆ ಜೊತೆಗಾರರಿಗೆಲ್ಲ ಒಂದೊಂದು ಹಳದಿ ಟವೆಲ್, ಹೆಂಗಸರಿಗೆ ಕುಪ್ಪಸದ ಖಣ ಕೊಡುವುದು ಇವರ ಪದ್ಧತಿ. ಯಾರಿಗೂ ತಪ್ಪಬಾರದೆಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಟ್ಟುಕೊಳ್ಳುತ್ತಾರೆ. ಕೆಲಸದವರ ಪಟ್ಟಿ ಎಂದರೆ ಇದೇ ತಾನೇ ಎಂದು ಆ ಹಾಳೆಯನ್ನೇ ಹರಿದುಕೊಟ್ಟರು. ಪಾಲಿಸಿಯಲ್ಲಿ ಅಷ್ಟೂ ಹೆಸರು ಅಚ್ಚಾಗಿ ಬಂತು.

ಅಯ್ಯಪ್ಪ ಕೆಲಸಕ್ಕೆ ಸೇರಿದ್ದು ಆ ಪಟ್ಟಿ ಬರೆದಾದ ನಂತರ, ಸಂಕ್ರಾಂತಿ ಮುಗಿದ ಮೇಲೆ. ಯುಗಾದಿಯ ವಾರ ಸುರಪುರದ ಬಳಿ ಹತ್ತಿ ಗೋದಾಮಿನ ಚಾವಣಿಯ ಶೀಟು ಮುರಿದು ಹದಿನಾಲ್ಕು ಅಡಿ ಕೆಳಗೆ ಬಿದ್ದರು. ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಿಂದಲೇ ಕರೆಮ್ಮ ಪಾಲಿಸಿಯ ಕಾಗದ ಹಿಡಿದು ಓಡಿದರು. ಪಟ್ಟಿಯಲ್ಲಿ ಈ ಹೆಸರಿಲ್ಲ ಎಂಬ ಉತ್ತರ ಬಂತು. ವಿಮಾ ಕಂಪನಿಯವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಇನ್ನೂ ಸಂಕಟದ ವಿಷಯ.

ಆ ಪಟ್ಟಿಯಲ್ಲಿ ಇದ್ದವರಲ್ಲಿ ಒಬ್ಬರು ಸಾಯಬಮ್ಮ. ಕೆಲಸದ ಜಾಗಕ್ಕೆ ಚಹಾ, ರೊಟ್ಟಿ ತರುವ ಅರವತ್ತರ ಅಜ್ಜಿ. ‘ಪ್ರತಿ ವರ್ಷ ನನಗೊಂದು ಖಣಾ ಕೊಡ್ತಾಳ್ರಿ ಕರೆಮ್ಮ. ಅದಕ್ಕ ನಂದೂ ಪಾಲಿಸಿ ಆಗಿತ್ತು. ಏಣಿ ಮುಟ್ಟದಾಕಿಗಿ ಐತಿ, ಚಾವಣಿ ಹತ್ತಾವಗ ಇಲ್ಲ. ನಂದು ತಗೊಂಡು ಅವಗ ಕೊಡ್ರಿ ಅಂತ ನಾನೂ ಆಫೀಸಿಗಿ ಹೋಗಿ ಕೇಳಿದ್ನಿ’ ಎಂದು ಅವರು ನಗುತ್ತಾರೆ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಆಪರೇಷನ್ನಿಗೆಂದು ಕರೆಮ್ಮ ತಮ್ಮ ಮೂರು ಗಾಲಿಯ ಟಂಟಂ ಗಾಡಿ ಮಾರಿದರು. ಹಳೆಯದೊಂದು ಟಂಟಂ ಕೊಳ್ಳುವವರೆಗೆ, ಮುಂದಿನ ಏಳು ತಿಂಗಳು ಏಣಿಯನ್ನು ಬಸ್ಸಿನ ಮೇಲೆ ಹೇರಿಕೊಂಡು ಓಡಾಡಿದರು. ಕಂಡಕ್ಟರುಗಳ ಜೊತೆ ನಡೆದ ಜಗಳಗಳನ್ನು ಅವರು ಹೇಳಿದರೆ ಹೊಟ್ಟೆ ಹಿಡಿದು ನಗಬೇಕು. ಆದರೆ ಅಯ್ಯಪ್ಪನ ಮನೆಯ ವಿಷಯ ಬಂದಾಗ ನಗು ಅಲ್ಲಿಗೇ ನಿಲ್ಲುತ್ತದೆ. ‘ಆಕಿ, ಅವನ ಹೇಣ್ತಿ ದುರ್ಗಾ, ನನಗ ಒಂದ ಮಾತೂ ಅನ್ನಲಿಲ್ರಿ. ಬೈದಿದ್ರ ಹಗುರ ಆಗ್ತಿತ್ತು’ ಎಂದಷ್ಟೇ ಹೇಳುತ್ತಾರೆ.

ಅಯ್ಯಪ್ಪನಿಗೆ ಈಗ ಏಣಿ ಹತ್ತಲಾಗುವುದಿಲ್ಲ. ಆದರೂ ಅವರನ್ನು ಕರೆಮ್ಮ ಬಿಟ್ಟಿಲ್ಲ. ಫ್ಯೂಸಿನ ಗಂಟು ಕಾಯುವುದು, ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಬಂದವರ ಸಹಿ ಹಾಜರಿ ಪುಸ್ತಕಕ್ಕೆ ಹಾಕಿಸುವುದು, ಇವೆರಡು ಅವರ ಪಾಲಿನ ಕೆಲಸ. ನಾನು ಹೋದ ದಿನ ಮಸುಕು ಬೆಳಕಿನಲ್ಲಿ ಒಂಬತ್ತು ಜನರೂ ಸಾಲಾಗಿ ನಿಂತು ಸಹಿ ಮಾಡಿದರು, ಅಯ್ಯಪ್ಪನೂ ಸೇರಿ. ಮೊದಲು ಎಲ್ಲರೂ ಗೊಣಗುತ್ತಿದ್ದರಂತೆ. ಈಗ ಸಹಿ ಮಾಡದೆ ಏಣಿಯ ಹತ್ತಿರವೂ ಯಾರೂ ಸುಳಿಯುವುದಿಲ್ಲ.

ಹತ್ತಕ್ಕೆ ಸರಿಯಾಗಿ ಸುಲ್ತಾನಸಾಬ ಬಂದರು. ತೊಗರಿ ಚೀಲಗಳ ಮೇಲೆ ಕಾಗದ ಹರಡಿ ಮೊದಲು ಅಗ್ಗದ್ದನ್ನು ತೋರಿಸಿದರು. ಅಂಗಡಿಯ ಸಾಮಾನಿಗೆ ಬೆಂಕಿ ವಿಮೆ, ಜೊತೆಗೆ ಐದು ಜನಕ್ಕೆ, ಅದೂ ಮನೆಯೊಳಗಿನ ವೈರಿಂಗ್ ಕೆಲಸಕ್ಕೆ ಮಾತ್ರ. ‘ಗೇಟಿಗಿ ಇಷ್ಟ ಸಾಕ್ರಿ ಕರೆಮ್ಮಕ್ಕಾರ’ ಎಂದರು.

‘ಗೇಟಿನ ಮಾತು ಬ್ಯಾಡ್ರಿ ಸಾಬ್ರ. ನಾಳಿ ಒಬ್ಬಾವ ಹೊಸದಾಗಿ ಬಂದು ನಾಡಿದ್ದ ಬಿದ್ದ ಅಂದ್ರ?’

‘ಹೆಸರು ಇಲ್ಲಂದ್ರ ಬರಂಗಿಲ್ರಿ.’

‘ಹೆಸರು ಬ್ಯಾಡ. ತಲಿ ಲೆಕ್ಕದ್ದು ಐತ್ಯೋ ಇಲ್ಲೋ?’

ಇದೆ. ಹೆಸರಿನ ಬದಲು ಇಷ್ಟು ಜನ, ಇಂಥ ಕೆಲಸ ಎಂದು ಬರೆಸಿ, ದಿನದ ಹಾಜರಿ ಸರಿಯಾಗಿ ಇಟ್ಟರೆ ಅಂದು ಕೆಲಸಕ್ಕೆ ಬಂದವರಿಗೆಲ್ಲ ಅನ್ವಯಿಸುವ ಪಾಲಿಸಿ. ಕಂತು ಹೆಚ್ಚು. ಕರೆಮ್ಮ ಇರುವ ಒಂಬತ್ತರ ಬದಲು ಹನ್ನೆರಡು ಬರೆಸಿದರು, ಸುಗ್ಗಿಯಲ್ಲಿ ಮಿಲ್ಲುಗಳ ಕೆಲಸ ಹೆಚ್ಚಾದಾಗ ಮೂವರು ಕೂಡಿಕೊಳ್ಳುತ್ತಾರೆ. ಎತ್ತರದ ಕೆಲಸವನ್ನೂ ಬಾಯಿಬಿಟ್ಟು ಹೇಳಿ ಬರೆಸಿದರು. ತಾವು ಮಾಡಿದ ಕೆಲಸದಿಂದ ಪರರಿಗೆ ಹಾನಿಯಾದರೆ ಎಂಬುದಕ್ಕೂ ಒಂದು ಸೇರಿಸಿದರು. ಅಂಗಡಿಯ ಬೆಂಕಿ ವಿಮೆಯನ್ನು ಮಾತ್ರ ಬಿಟ್ಟರು. ‘ವೈರ್ ಸುಟ್ರ ಮತ್ತ ತರಬಹುದ್ರಿ’ ಎಂದರು. ಅಯ್ಯಪ್ಪನನ್ನು ತಲೆ ಲೆಕ್ಕದಿಂದ ಕೈಬಿಟ್ಟರೆ ಕಂತು ಸ್ವಲ್ಪ ಇಳಿಯುತ್ತದೆ ಎಂದು ಸುಲ್ತಾನಸಾಬ ಮೆಲ್ಲಗೆ ಹೇಳಿದಾಗ ಕರೆಮ್ಮ ಹನ್ನೆರಡು ಎಂಬ ಅಂಕಿಯ ಮೇಲೆ ಬೆರಳಿಟ್ಟು ಮುಂದಕ್ಕೆ ಓದತೊಡಗಿದರು. ಓದದೆ ಒಂದು ಪುಟವನ್ನೂ ತಿರುವದ ಈ ಹೆಣ್ಣುಮಗಳನ್ನು ನೋಡುತ್ತ ನನ್ನ ಆಕಳಿಕೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಸಹಿ ಎಲ್ಲ ಆದ ಮೇಲೆ ಸುಲ್ತಾನಸಾಬ ಪೆನ್ನಿಗೆ ಟೊಪ್ಪಿಗೆ ಹಾಕುತ್ತ, ‘ಇದರಾಗ ನೀವು ಬರಂಗಿಲ್ಲ, ತಿಳೀತಿಲ್ರಿ? ಇದು ಆಳುಗಳಿಗಿ. ಮಾಲೀಕರಿಗಿ ಅಪಘಾತದ್ದು ಬ್ಯಾರೆ ಮಾಡಸಬೇಕು. ಅದೇನು ಭಾಳ ಆಗಂಗಿಲ್ಲ’ ಎಂದರು.

‘ಈ ಸಲ ಇಷ್ಟ ಸಾಕ್ರಿ. ನಂದು ದಸರಾಕ್ಕ ನೋಡಿದ್ರಾತು’ ಎಂದು ಕರೆಮ್ಮ ಸೊಂಟಕ್ಕೆ ಪಕ್ಕಡ ಸಿಕ್ಕಿಸಿಕೊಂಡು ಎದ್ದರು.

ದಿನವೂ ಎಲ್ಲರಿಗಿಂತ ಮೊದಲು ಏಣಿ ಹತ್ತಿ, ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ನೋಡುವವರು ಇವರೇ. ಬೇರೆಯವರ ಜೀವಕ್ಕಾಗಿ ಇಷ್ಟು ಹಠ ಹಿಡಿದವರು ತಮ್ಮ ಸರದಿ ಬಂದಾಗ ಹೀಗೆ ಉಡಾಫೆ ಮಾಡಿದ್ದು ಕಂಡು ನನಗೆ ಸಿಟ್ಟೇ ಬಂತು.

ಹನ್ನೊಂದಕ್ಕೆ ಹತ್ತು ನಿಮಿಷವಿದೆ. ಕೆಲಸ ಮುಗಿದಿದೆ, ಎಲ್ಲರೂ ಕೆಳಗಿಳಿದಿದ್ದಾರೆ. ಹನ್ನೊಂದಕ್ಕೆ ಮಿಲ್ಲು ಶುರುವಾಗಬೇಕು, ಮಾಲೀಕರು ಆಗಲೇ ಎರಡು ಸಲ ಗಡಿಯಾರ ನೋಡಿದ್ದಾರೆ. ಕರೆಮ್ಮ ಪೆಟ್ಟಿಗೆಯ ಮುಂದೆ ನಿಂತು ಎಂದಿನಂತೆ ಹಿಂದಕ್ಕೆ ಕೈ ಚಾಚುತ್ತಾರೆ. ಕೈಗೆ ಏನೂ ಬರುವುದಿಲ್ಲ. ತಿರುಗಿ ನೋಡುತ್ತಾರೆ. ಅಯ್ಯಪ್ಪ ಎರಡೂ ಕೈಯಿಂದ ಗಂಟನ್ನು ಹಿಡಿದುಕೊಂಡು ಕುಳಿತಿದ್ದಾರೆ.

‘ಕೊಡಪಾ.’

‘ಕೊಡಂಗಿಲ್ಲ ಅಕ್ಕ. ನಿಂದೂ ಸಹಿ ಆಗಲಿ.’

‘ದಸರಾಕ್ಕ ಮಾಡ್ತೀನಂತ ಹೇಳೀನಲ್ಲೋ.’

ಅಯ್ಯಪ್ಪ ತಲೆ ತಗ್ಗಿಸಿಯೇ ಹೇಳುತ್ತಾರೆ: ‘ನಾನೂ ದಸರಾ ಆದ ಮ್ಯಾಲ ಬಂದಾವಕ್ಕ.’

ಸಾಯಬಮ್ಮ ಚಹಾದ ಕಿಟ್ಲಿಯನ್ನು ನೆಲಕ್ಕಿಟ್ಟು, ಹೋಗಲು ಎದ್ದಿದ್ದ ಸುಲ್ತಾನಸಾಬನಿಗೆ ಕುಳಿತುಕೊಳ್ಳುವಂತೆ ಕೈಸನ್ನೆ ಮಾಡುತ್ತಾರೆ. ಕರೆಮ್ಮ ಅಂಗಿಯ ತೋಳಿಗೆ ಕೈ ಒರೆಸಿಕೊಂಡು ಬಂದು ತೊಗರಿ ಚೀಲದ ಮುಂದೆ ಕೂರುತ್ತಾರೆ. ತಮ್ಮ ಅಪಘಾತ ವಿಮೆಯ ಕಾಗದವನ್ನೂ ಮೊದಲ ಪುಟದಿಂದ ಓದುತ್ತಾರೆ. ಮಾಲೀಕರು ಮೂರನೇ ಸಲ ಗಡಿಯಾರ ನೋಡುತ್ತಾರೆ.

ಸಹಿ ಬಿದ್ದ ಮೇಲೆ ಗಂಟು ಬಿಚ್ಚುತ್ತದೆ. ಅಯ್ಯಪ್ಪ ಮೂರು ಫ್ಯೂಸುಗಳನ್ನು ಟವೆಲ್ಲಿನಿಂದ ಒರೆಸಿ ಒಂದೊಂದಾಗಿ ಅಕ್ಕನ ಕೈಗಿಡುತ್ತಾರೆ. ಹನ್ನೊಂದೂಕಾಲಿಗೆ ಮಿಲ್ಲು ಗುಡುಗತೊಡಗುತ್ತದೆ. ಬೇಳೆಯ ಹೊಟ್ಟು ಅಂಗಳದ ತುಂಬ ಹಾರುತ್ತದೆ.

ಹೊರಡುವ ಮುನ್ನ, ನಿಮಗಿರುವ ಆಸೆ ಏನು ಎಂದು ಕರೆಮ್ಮನನ್ನು ಕೇಳಿದೆ. ಹೊಸ ಗಾಡಿ ಎನ್ನುತ್ತಾರೆ, ಇಲ್ಲವೇ ದೊಡ್ಡದೊಂದು ಗುತ್ತಿಗೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಟಂಟಂನಲ್ಲಿ ಏಣಿಗೆ ಹಗ್ಗ ಬಿಗಿಯುತ್ತ, ಮಿಲ್ಲಿನ ಸದ್ದಿಗೆ ದನಿ ಏರಿಸಿ ಹೇಳಿದರು:

‘ಈ ಪಾಲಿಸಿಗಿ ಕಟ್ಟಿದ ರೊಕ್ಕ ಪೂರಾ ದಂಡ ಆಗಬೇಕ್ರಿ ಸರ್. ವರ್ಷಾ ವರ್ಷಾ ಕಟ್ಟಬೇಕು, ವರ್ಷಾ ವರ್ಷಾ ದಂಡ ಆಗಬೇಕು. ಅಷ್ಟಾದ್ರ ಸಾಕು.’